ಮುದಿಗುದುರೆಯ ಕೀಲುಗಳು

ಅಶ್ವಶಾಸ್ತ್ರವನ್ನು ಕುರಿತು ಕನ್ನಡದಲ್ಲಿ ಹುಟ್ಟಿರುವ ಗ್ರಂಥಗಳು ವಿದ್ವಾಂಸರಿಗೆ ಅಪರಿಚಿತವಲ್ಲ. ಸುಮಾರು 1400ರಲ್ಲಿದ್ದ ಅಭಿನವಚಂದ್ರನ ಅಶ್ವವೈದ್ಯ, ಮೈಸೂರಿನ ಚಾಮರಾಜ ಒಡೆಯರ ಕಾಲದಲ್ಲಿ, ಎಂದರೆ 1627ರಲ್ಲಿ, ಪದ್ಮಣಪಂಡಿತನು ರಚಿಸಿದ ಹಯಸಾರಸಮುಚ್ಚಯ, ಇವು ಸಾಹಿತ್ಯಚರಿತ್ರೆಯಲ್ಲಿ ಎಣಿಕೆಗೆ ಬಂದಿರುವ ಹೆಸರುಗಳು. ವಿರಾಟನ ಲಾಯದಲ್ಲಿ ಗ್ರಂಥಿಕನೆಂಬ ಹೆಸರಿನಿಂದ ಸೇರಿಕೊಂಡ ನಕುಲನನ್ನು ಭಾರತವನ್ನೋದಿದವರೆಲ್ಲರೂ ಬಲ್ಲರು. ಅವನ ಹೆಸರಿನಲ್ಲಿಯೇ ಒಂದು ಅಶ್ವಶಾಸ್ತ್ರವು ಸಂಸ್ಕೃತದಲ್ಲಿ ನಡೆದುಬಂದಿದೆ. ಪಾಠ ಹೇಳುವ ನಾವು ಕುದುರೆಯ ಸುಳಿ, ಬಣ್ಣ, ಪಂಚಧಾರೆಯೆಂಬ ಐದು ನಡೆ ಇವನ್ನು ವಿವರಿಸಿ ಮುಂದೆ ಸಾಗುವುದು ವಾಡಿಕೆ. ಆ ಕುದುರೆಗೆ ವಯಸ್ಸಾದ ಮೇಲೆ ಆ ಧಾರೆಗಳ ಗತಿ ಏನಾಗುವುದೆಂದು ಯಾವ ವಿದ್ಯಾರ್ಥಿಯೂ ಕೇಳುವುದಿಲ್ಲ; ಕೇಳಿದರೆ ನಮ್ಮಲ್ಲಿ ಉತ್ತರ ಸಿದ್ಧವಾಗಿರುವುದೂ ಇಲ್ಲ. ಕಾವ್ಯದ ಕುದುರೆಗೆ ಮುಪ್ಪಿಲ್ಲವಷ್ಟೆ.

ಇದಕ್ಕೆ ಕಾವ್ಯಸಂಪ್ರದಾಯವೊಂದೇ ಕಾರಣವಲ್ಲವೆಂದು ತೋರುತ್ತದೆ. ಹದಿನಾರನೆಯ ಶತಮಾನದಲ್ಲಿ ವಿಜಯನಗರದ ವೃತ್ತಾಂತವನ್ನು ಬರೆದ ಪೋರ್ಚುಗೀಸ್ ವ್ಯಾಪಾರಿ ನೂನಿಜನು, ಅಲ್ಲಿಯ ಅರಸನು ವರ್ಷವೊಂದಕ್ಕೆ 13,000 ಕುದುರೆಗಳನ್ನು ಕೊಳ್ಳುತ್ತಿದ್ದನೆಂದು ಹೇಳಿದ್ದಾನೆ. ಸಂಖ್ಯೆಯಲ್ಲಿ ಅತ್ಯುಕ್ತಿಯಿದ್ದಿತೆಂದು ಎಣಿಸಿದರೂ, ಪ್ರತಿವರ್ಷವೂ ಇಷ್ಟು ಹೊಸ ಕುದುರೆಗಳು ಬೇಕಾಗುತ್ತಿದ್ದ ಸೈನ್ಯದಲ್ಲಿ ಮುಪ್ಪಿನವರೆಗೆ ಬದುಕಿದ ಕುದುರೆಗಳು ವಿರಳವಾಗಿದ್ದಿರಬೇಕೆಂದು ಊಹಿಸಬಹುದು. ಈಗ ಸಂದರ್ಭವು ತಿರುಗಿದೆ. ಪಶುವೈದ್ಯವು ಬೆಳೆದಂತೆಲ್ಲ ಇಪ್ಪತ್ತು ದಾಟಿದ ಕುದುರೆಗಳು ಹೆಚ್ಚಾಗಿವೆ. ಅವುಗಳನ್ನು ಸಾಕುವವರಿಗೆ ಮೊದಲು ಎದುರಾಗುವ ತೊಂದರೆಯೇ ಕೀಲುಗಳದು. ಆ ಕೀಲು ಹೇಗೆ ಬದುಕುತ್ತದೆ, ಹೇಗೆ ಕೆಡುತ್ತದೆ, ಅದನ್ನು ನಡೆಯುವಂತೆ ಇಟ್ಟುಕೊಳ್ಳುವ ಬಗೆ ಯಾವುದು ಎಂಬುದನ್ನು ತಿಳಿಸುವುದು ಪ್ರಕೃತ ಲೇಖನದ ಉದ್ದೇಶ. ಹಳೆಯ ಗ್ರಂಥಗಳನ್ನು ಓದುವವರಿಗೆ ನೆರವಾದೀತೆಂಬ ಕಡೆಗಳಲ್ಲಿ ಅವುಗಳ ಮಾತನ್ನೂ ಎತ್ತಿಕೊಂಡಿದೆ.

ಮುಪ್ಪೆಂದರೆ ಎಷ್ಟು ವರ್ಷವೆಂಬುದನ್ನು ಮೊದಲು ಗೊತ್ತುಮಾಡಿಕೊಳ್ಳಬೇಕು. ವರಾಹಮಿಹಿರನು ಬೃಹಜ್ಜಾತಕದಲ್ಲಿ ಕುದುರೆಗೆ 32 ವರ್ಷಗಳ ಪರಮಾಯುಸ್ಸನ್ನು ಹೇಳುತ್ತಾನೆ. ಅವನೇ ಬೃಹತ್ಸಂಹಿತೆಯಲ್ಲಿ, ಐದು ವರ್ಷಕ್ಕೆ ಬಾಚಿಹಲ್ಲುಗಳು ಪೂರ್ತಿಯಾದ ಬಳಿಕ ಮೂರು ಮೂರು ವರ್ಷಗಳಿಗೊಂದರಂತೆ ಅವುಗಳಲ್ಲಿ ಕಪ್ಪು, ಹಳದಿ, ಬಿಳುಪು, ಗಾಜಿನ ಛಾಯೆ, ಜೇನಿನ ಛಾಯೆ, ಶಂಖದ ಛಾಯೆ ಇವು ಕ್ರಮವಾಗಿ ತೋರಿ, ಆಮೇಲೆ ಹಲ್ಲು ಕುಳಿಬಿದ್ದು, ಅಲುಗಾಡಿ, ಉದುರುವುದೆಂದು ಲಕ್ಷಣ ಕಟ್ಟಿದ್ದಾನೆ. ಐದಕ್ಕೆ ಒಂಬತ್ತು ಮೂರರ ಇಪ್ಪತ್ತೇಳನ್ನು ಕೂಡಿಸಿದರೆ ಸರಿಯಾಗಿ ಮೂವತ್ತೆರಡೇ ಆಗುತ್ತದೆ. ಎರಡು ಗ್ರಂಥಗಳ ಲೆಕ್ಕವೂ ಹೀಗೆ ಒಂದಕ್ಕೊಂದು ಹೊಂದುವುದು ಕುತೂಹಲಕರವಾಗಿದೆ. ಈಗಿನ ಪಶುವೈದ್ಯರು ಬಣ್ಣಗಳನ್ನು ಇಷ್ಟು ಖಚಿತವಾಗಿ ನಂಬುವುದಿಲ್ಲ. ಮೇಲ್ದವಡೆಯ ಕೊನೆಯ ಬಾಚಿಹಲ್ಲಿನಲ್ಲಿ ಹತ್ತನೆಯ ವರ್ಷದ ಹೊತ್ತಿಗೆ ಒಂದು ಗೀರು ಕಾಣಿಸಿಕೊಂಡು, ಹದಿನೈದಕ್ಕೆ ಅರ್ಧ ಹಲ್ಲಿನವರೆಗೂ ಇಪ್ಪತ್ತಕ್ಕೆ ಪೂರ್ತಿಯಾಗಿಯೂ ಇಳಿದು, ಮೂವತ್ತರ ವೇಳೆಗೆ ಅಳಿಸಿಹೋಗುವುದೆಂಬುದು ಅವರ ಒಂದು ಗುರುತು. ಅದೂ ಅಂದಾಜಿನ ಮಾತೇ. ಸಾಮಾನ್ಯವಾಗಿ ಚೆನ್ನಾಗಿ ಸಾಕಿದ ಕುದುರೆ 25ರಿಂದ 30 ವರ್ಷ ಬದುಕುವುದೆಂದೂ, ಇಪ್ಪತ್ತರಿಂದಾಚೆಗೆ ಅದನ್ನು ಮುದಿಯೆಂದು ಎಣಿಸಬಹುದೆಂದೂ ಹೇಳಿದರೆ ತಪ್ಪಾಗದು. ಕೀಲುಗಳ ಸವೆತ ಮಾತ್ರ ಹದಿನೈದರಿಂದಲೇ ಕಾಣತೊಡಗಬಹುದು. ಎಳೆಯ ವಯಸ್ಸಿನಲ್ಲಿ ಪಂದ್ಯದಲ್ಲಿ ಓಡಿದ ಕುದುರೆಗಳಲ್ಲಿ ಇನ್ನೂ ಮುಂಚೆ.

ಇನ್ನು ಕಾಲಿನ ರಚನೆ. ಕುದುರೆಯ ಮುಂಗಾಲಿನ ನಡುವೆ ಇರುವ ಕೀಲನ್ನು ನಾವು ಮೊಣಕಾಲೆನ್ನುತ್ತೇವೆ. ಅಂಗರಚನೆಯ ದೃಷ್ಟಿಯಿಂದ ಅದು ಮನುಷ್ಯನ ಮಣಿಕಟ್ಟಿಗೆ ಸಮನಾದುದು. ಹಿಂಗಾಲಿನಲ್ಲಿ ಹಿಂದಕ್ಕೆ ಡೊಂಕಾಗಿ ಕಾಣುವ ಕೀಲು ನಮ್ಮ ಹಿಮ್ಮಡಿಯಿರುವ ಕೀಲು. ನಿಜವಾದ ಮೊಣಕಾಲು ಅದಕ್ಕಿಂತ ಬಹಳ ಮೇಲೆ, ಹೊಟ್ಟೆಯ ಪಕ್ಕದಲ್ಲಿದೆ. ಗೊರಸೆಂಬುದು ನಡುಬೆರಳಿನ ಉಗುರು. ಎಂದರೆ ಕುದುರೆಯು ಒಂದೊಂದು ಕಾಲಿನಲ್ಲಿಯೂ ಒಂದೇ ಬೆರಳಿನ ತುದಿಯ ಮೇಲೆ ನಿಂತಿರುವ ಪ್ರಾಣಿ. ಮೊಣಕಾಲೆಂದು ನಾವು ಕರೆಯುವ ಕೀಲಿನಿಂದ ಕೆಳಕ್ಕೆ ಚಲನೆಗೆ ಬೇಕಾದ ಮಾಂಸಖಂಡಗಳೇ ಇಲ್ಲವೆನ್ನಬಹುದು. ಮೇಲಿನ ಖಂಡಗಳು ಎಳೆದಂತೆ ಉದ್ದವಾದ ಸ್ನಾಯುರಜ್ಜುಗಳು ಕಾಲನ್ನು ಆಡಿಸುತ್ತವೆ. ಮೈಭಾರದ ಐದರಲ್ಲಿ ಮೂರು ಪಾಲು ಮುಂಗಾಲುಗಳ ಮೇಲೆ ಬೀಳುತ್ತದೆ. ಕುದುರೆಗೆ ಕೊರಳೆಲುಬು ಇಲ್ಲದಿರುವುದರಿಂದ ಮುಂಗಾಲಿಗೂ ಮುಂಡಕ್ಕೂ ಎಲುಬಿನ ಸಂಬಂಧವಿಲ್ಲ. ಎರಡು ಕಾಲುಗಳ ನಡುವೆ ಎದೆಯು ಮಾಂಸದ ತೊಟ್ಟಿಲಿನಲ್ಲಿ ತೂಗುಹಾಕಿದಂತಿದೆ. ಮುಪ್ಪಿನಲ್ಲಿ ಮಾಂಸಖಂಡಗಳು ಬತ್ತಿದಾಗ ಈ ತೊಟ್ಟಿಲು ಸಡಿಲವಾಗಿ, ಭಾರವನ್ನು ತಾಳುವ ಹೊಣೆಯೆಲ್ಲವೂ ಕೀಲುಗಳ ಮೇಲೆಯೇ ಬೀಳುವುದು. 500 ಕಿಲೋಗ್ರಾಂ ತೂಗುವ ಪ್ರಾಣಿಯಲ್ಲಿ ಇದು ಅಲ್ಪವಾದ ಮಾತಲ್ಲ.

ಎರಡು ಎಲುಬುಗಳು ಸಂಧಿಸುವ ಕಡೆಯಲ್ಲಿ ಅವುಗಳ ತುದಿಗೆ ನುಣುಪಾದ ಮೃದ್ವಸ್ಥಿಯ ಹೊದಿಕೆಯಿದೆ. ಕೀಲಿನ ಸುತ್ತಲೂ ಒಂದು ಚೀಲ, ಆ ಚೀಲದೊಳಗೆ ಲೋಳೆಯಂತಹ ಸಂಧಿದ್ರವ. ನಮ್ಮ ಆಯುರ್ವೇದದವರು ಕೀಲುಗಳಲ್ಲಿರುವ ಈ ಅಂಟನ್ನು ಶ್ಲೇಷಕವೆಂಬ ಕಫದ ಭೇದವೆಂದು ಹೆಸರಿಸಿದರು. ಎಣ್ಣೆ ಹಚ್ಚಿದ ಅಚ್ಚಿನ ಮೇಲೆ ಗಾಲಿಯು ಸಲೀಸಾಗಿ ತಿರುಗುವ ಹಾಗೆ ಕಫದಿಂದ ಕೂಡಿದ ಕೀಲುಗಳು ನಡೆಯುತ್ತವೆಂದು ಸುಶ್ರುತನು ಹೋಲಿಕೆ ಕೊಟ್ಟಿದ್ದಾನೆ. ಎರಡು ಸಾವಿರ ವರ್ಷಗಳಷ್ಟು ಹಳೆಯ ಸಂಪ್ರದಾಯದಲ್ಲಿ ಇದು ಮೆಚ್ಚತಕ್ಕ ಹೋಲಿಕೆ. ಆ ದ್ರವದ ಲೋಳೆತನಕ್ಕೆ ಕಾರಣವಾದ ಹಯಲುರಾನಿಕ್ ಆಮ್ಲವು ಗೊತ್ತಾದುದು 20ನೆಯ ಶತಮಾನದಲ್ಲಿ. ಆದರೆ ಈ ಉಪಮೆಯು ಅರ್ಧದಾರಿಯವರೆಗೆ ಮಾತ್ರ ನಮ್ಮನ್ನು ಕರೆದೊಯ್ಯುತ್ತದೆ. ಗಾಲಿಯ ಅಚ್ಚು ತಿರುಗಿದಷ್ಟೂ ಸವೆಯುವುದು, ನಿಲ್ಲಿಸಿಟ್ಟರೆ ಉಳಿಯುವುದು. ಕೀಲಿನ ಸ್ವಭಾವವು ಹಾಗಲ್ಲ.

ಕಾರಣವೇನೆಂದರೆ, ಮೃದ್ವಸ್ಥಿಯಲ್ಲಿ ರಕ್ತನಾಳಗಳಿಲ್ಲ, ನರಗಳೂ ಇಲ್ಲ. ಅದರೊಳಗಿನ ಜೀವಕೋಶಗಳು ವಿರಳ. ಅವುಗಳಿಗೆ ಬೇಕಾದ ಆಹಾರವು ಸಂಧಿದ್ರವದ ಮೂಲಕವೇ ಬರಬೇಕು. ಕಾಲು ನೆಲಕ್ಕೂರಿದಾಗ ಮೃದ್ವಸ್ಥಿಯು ಒತ್ತಿ, ಅದರೊಳಗಿನ ನೀರು ಹೊರಕ್ಕೆ ಬರುತ್ತದೆ. ಕಾಲನ್ನೆತ್ತಿದಾಗ ಹೊಸ ದ್ರವವು ಒಳಕ್ಕೆ ಸೇರುತ್ತದೆ. ಒದ್ದೆಬಟ್ಟೆಯನ್ನು ಹಿಂಡಿ ಮತ್ತೆ ನೀರಿನಲ್ಲಿ ಅದ್ದಿದ ಹಾಗೆ. ನಡೆಯದ ಕೀಲಿಗೆ ಈ ಹಿಂಡುವಿಕೆ ಇಲ್ಲ. ಆದುದರಿಂದ ಆಹಾರವೂ ಕಡಮೆ. ಇಷ್ಟೇ ಅಲ್ಲದೆ, ಬಹುದಿನ ಆಡದ ಕೀಲಿನ ಚೀಲವು ಗಡುಸಾಗಿ ಕುಗ್ಗುವುದು, ಅದರ ಸುತ್ತಲಿನ ಮಾಂಸಖಂಡಗಳು ಕ್ಷೀಣಿಸುವುವು. ಹೀಗಾಗಿ ಗಾಲಿಗೆ ಹಿತವಾದ ನಿಲುಗಡೆಯು ಕೀಲಿಗೆ ಅಹಿತವಾಗಿ ಪರಿಣಮಿಸುತ್ತದೆ. ಮುದಿಗುದುರೆಯನ್ನು ಸಾಕುವ ವಿಷಯದಲ್ಲಿ ಜನರು ಮಾಡುವ ತಪ್ಪುಗಳಲ್ಲಿ ಬಹುಪಾಲು, ನನ್ನ ಎಣಿಕೆಯಲ್ಲಿ, ಈ ಗಾಲಿಯ ಉಪಮೆಯನ್ನು ಕೊನೆಯವರೆಗೂ ಎಳೆದುದರಿಂದ ಹುಟ್ಟಿದುವು. ಪಾಪ, ದುಡಿದು ದಣಿದಿದೆಯೆಂದು ಕನಿಕರಪಟ್ಟು ಅದನ್ನು ಲಾಯದಲ್ಲಿ ಕಟ್ಟಿಬಿಡುತ್ತಾರೆ. ಆರು ತಿಂಗಳಲ್ಲಿ ಅದು ಹೊರಗೆ ಬರಲಾರದಂತಾಗುತ್ತದೆ.

ಕೆಟ್ಟ ಮೃದ್ವಸ್ಥಿಯು ಮರಳಿ ಬೆಳೆಯುವುದಿಲ್ಲವೆಂಬುದನ್ನು ವಿಲಿಯಂ ಹಂಟರ್ ಎಂಬ ವೈದ್ಯನು 1743ರಲ್ಲಿಯೇ ಲಂಡನ್ನಿನ ರಾಯಲ್ ಸೊಸೈಟಿಯ ಪತ್ರಿಕೆಯಲ್ಲಿ ಹೇಳಿದ್ದನು. ಅಂದಿನಿಂದ ಇಂದಿನವರೆಗೆ ಆ ಮಾತನ್ನು ಸಂಪೂರ್ಣವಾಗಿ ಅಲ್ಲಗಳೆಯುವ ಔಷಧವು ದೊರೆತಿಲ್ಲ. ಹೊದಿಕೆಯು ತೆಳುವಾದಂತೆಲ್ಲ ಅದರ ಕೆಳಗಿನ ಎಲುಬು ಗಟ್ಟಿಯಾಗುತ್ತದೆ, ಅಂಚುಗಳಲ್ಲಿ ಮುಳ್ಳಿನಂತೆ ಹೊಸ ಎಲುಬು ಬೆಳೆಯುತ್ತದೆ, ಚೀಲವು ಊದಿಕೊಳ್ಳುತ್ತದೆ. ನೋವು ಹುಟ್ಟುವುದು ಮೃದ್ವಸ್ಥಿಯಲ್ಲಲ್ಲ, ಈ ಎಲುಬು ಮತ್ತು ಚೀಲಗಳಲ್ಲಿ. ಹಿಂಗಾಲಿನ ಡೊಂಕುಕೀಲಿನ ಕೆಳಭಾಗದಲ್ಲಿ ಹೆಚ್ಚು ಆಡದಿರುವ ಸಣ್ಣ ಸಂಧಿಗಳಿವೆ. ರೋಗವು ಅಲ್ಲಿ ಬಂದಾಗ ಕೆಲವು ವೇಳೆ ಎಲುಬುಗಳು ತಾವಾಗಿಯೇ ಕೂಡಿಕೊಂಡು ಒಂದಾಗಿ, ನೋವು ನಿಂತುಹೋಗುವುದುಂಟು. ಗೊರಸಿನ ಮೇಲಣ ಕೀಲುಗಳಲ್ಲಾಗಲಿ ಮುಂಗಾಲಿನ ಮಣಿಕಟ್ಟಿನಲ್ಲಾಗಲಿ ಅಂತಹ ಅದೃಷ್ಟವನ್ನು ನೆಚ್ಚುವಂತಿಲ್ಲ.

ಕುದುರೆಯು ನೋವನ್ನು ಅಡಗಿಸುವ ಪ್ರಾಣಿ. ಬಯಲಿನಲ್ಲಿ ಕುಂಟುವ ಕುದುರೆಯು ಬೇಟೆಯ ಮೃಗಕ್ಕೆ ಗುರಿಯಾಗುತ್ತಿದ್ದುದರಿಂದ ಈ ಸ್ವಭಾವವು ಬಂದಿರಬೇಕು. ಮೊದಲ ಗುರುತು ಕುಂಟಲ್ಲ, ಬೆಳಗಿನ ಬಿಗಿತ. ಲಾಯದಿಂದ ಹೊರಗೆ ಬರುವಾಗ ಹೆಜ್ಜೆಗಳು ಮೋಟಾಗಿದ್ದು, ಕಾಲು ಗಂಟೆ ನಡೆದ ಮೇಲೆ ಸಡಿಲಾಗುವುವು. ಗೊರಸಿನ ಮುಂದಿನ ಅಂಚು ನೆಲಕ್ಕೆ ಉಜ್ಜಿ ಸವೆದಿರುವುದು. ಲಾಳ ಕಟ್ಟುವವನು ಕಾಲನ್ನೆತ್ತಿದರೆ ಎಳೆದುಕೊಳ್ಳುವುದು. ಅದನ್ನು ತುಂಟತನವೆಂದು ಭಾವಿಸಿ ಹೊಡೆಯುವವರುಂಟು. ಕುಂಟನ್ನು ಪರೀಕ್ಷಿಸಲು ವೈದ್ಯರು ಕುದುರೆಯನ್ನು ದುಡುಕಿನಲ್ಲಿ ಓಡಿಸಿ ನೋಡುತ್ತಾರೆ. ಪಂಚಧಾರೆಗಳಲ್ಲಿ ಧೌರಿತಕವೆಂದು ಹೇಳುವುದು ಈ ನಡೆಯನ್ನೇ ಎಂದು ಕೋಶಕಾರರು ಅರ್ಥ ಮಾಡಿದ್ದಾರೆ. ಇದರಲ್ಲಿ ಎದುರುಬದುರಿನ ಕಾಲುಗಳು ಜೊತೆಯಾಗಿ ನೆಲಕ್ಕೂರುವುದರಿಂದ ಎರಡು ಪಕ್ಕಗಳ ಹೆಜ್ಜೆಯೂ ಸಮವಾಗಿರಬೇಕು. ಸಮವಿಲ್ಲದಿದ್ದರೆ ಒಡನೆಯೇ ಕಾಣುವುದು. ನೋಯುವ ಮುಂಗಾಲು ಊರುವಾಗ ಕುದುರೆಯು ತಲೆಯನ್ನು ಮೇಲಕ್ಕೆತ್ತುತ್ತದೆ, ಒಳ್ಳೆಯ ಕಾಲು ಊರುವಾಗ ತಗ್ಗಿಸುತ್ತದೆ. ಆದರೆ ಎರಡು ಮುಂಗಾಲುಗಳೂ ಒಂದೇ ಸಮನಾಗಿ ನೋಯುತ್ತಿದ್ದರೆ ತಲೆಯು ಆಡುವುದಿಲ್ಲ. ಹೆಜ್ಜೆ ಮಾತ್ರ ಕಿರಿದಾಗುತ್ತದೆ, ನೋಡಿದವರು ವಯಸ್ಸಾಯಿತೆಂದು ಸುಮ್ಮನಾಗುತ್ತಾರೆ.

ಎಲ್ಲಕ್ಕಿಂತ ಹೆಚ್ಚಾಗಿ ಗಮನಿಸಬೇಕಾದುದು ನಿದ್ರೆ. ಕುದುರೆಯು ನಿಂತೇ ನಿದ್ರಿಸುವುದೆಂದು ನಾವೆಲ್ಲರೂ ಕೇಳಿದ್ದೇವೆ. ಅದು ಅರ್ಧಸತ್ಯ. ಕಾಲಿನ ರಜ್ಜುಗಳು ಕೀಲುಗಳನ್ನು ಬಿಗಿದು ಹಿಡಿಯುವ ಒಂದು ಏರ್ಪಾಡು ಅದರಲ್ಲಿದ್ದು, ಅದರ ಬಲದಿಂದ ನಿಂತಲ್ಲಿಯೇ ತೂಕಡಿಸಬಲ್ಲದು. ಕನಸು ಕಾಣುವ ಗಾಢನಿದ್ರೆಗೆ ಮಾತ್ರ ಅದು ಮಲಗಲೇಬೇಕು. ಆ ನಿದ್ರೆಯಲ್ಲಿ ಮಾಂಸಖಂಡಗಳೆಲ್ಲ ಸಡಿಲವಾಗುವುವು. ದಿನಕ್ಕೆ ಸುಮಾರು ಅರ್ಧ ಗಂಟೆಯಿಂದ ಒಂದು ಗಂಟೆಯಷ್ಟು ಇಂತಹ ನಿದ್ರೆ ಸಾಕು, ಆದರೆ ಬೇಕೇ ಬೇಕು. ಕೀಲು ಕೆಟ್ಟ ಮುದಿಗುದುರೆಗೆ ಮಲಗಿದರೆ ಏಳುವುದು ಹೇಗೆಂಬ ಭಯ. ಒಮ್ಮೆ ಎದ್ದೇಳಲು ಹೆಣಗಿದ ಕುದುರೆಯು ಮತ್ತೆ ಮಲಗಲು ಅಂಜುತ್ತದೆ. ದಿನಗಟ್ಟಲೆ, ವಾರಗಟ್ಟಲೆ ಮಲಗದೆ ನಿಂತು, ಕೊನೆಗೆ ಗಾಢನಿದ್ರೆಯು ಬಲಾತ್ಕಾರವಾಗಿ ಹಿಡಿದಾಗ ನಿಂತಲ್ಲಿಯೇ ಮುಂಗಾಲುಗಳು ಮಡಿದು ಕುಸಿಯುತ್ತದೆ. ಬೀಳುವ ಮೊದಲೇ ಬೆಚ್ಚಿ ಏಳುತ್ತದೆ. ಇಂತಹ ಕುದುರೆಯ ಮುಂಗಾಲಿನಲ್ಲಿ, ಗೊರಸಿನ ಮೇಲಿನ ಗಂಟಿನ ಮುಂಭಾಗದಲ್ಲಿ, ತರಚಿದ ಗಾಯಗಳಿರುವುವು. ನೋಡಿದವರು ಮೂರ್ಛೆರೋಗವೆಂದು ಭ್ರಮಿಸುವುದುಂಟು. ವಾಸ್ತವವಾಗಿ ಅದು ನಿದ್ರೆಗೆಟ್ಟ ಪ್ರಾಣಿ. ಬೆಳಗ್ಗೆ ಮೈಯ ಪಕ್ಕದಲ್ಲಿ ಹಾಸುಹುಲ್ಲಿನ ಗುರುತಾಗಲಿ ಸಗಣಿಯ ಕಲೆಯಾಗಲಿ ಇದೆಯೇ ಎಂದು ನೋಡುವುದು ಸಾಕುವವನ ನಿತ್ಯಕರ್ಮಗಳಲ್ಲಿ ಒಂದಾಗಬೇಕು. ಕಲೆಯಿದ್ದರೆ ಕುದುರೆ ಮಲಗಿತ್ತೆಂದು ಸಂತೋಷಪಡಬೇಕು, ಮೈ ಕೊಳೆಯಾಯಿತೆಂದು ಬೇಸರಪಡಬಾರದು.

ನಡೆಯುವುದು ಹಿತವೆಂದ ಮಾತ್ರಕ್ಕೆ ದುಡಿಮೆಯು ಹಿತವೆಂದು ತಿಳಿಯಬಾರದು. ಇದಕ್ಕೆ ಎರಡು ನಿದರ್ಶನಗಳನ್ನು ಕೊಡುತ್ತೇನೆ. ಇಂಗ್ಲೆಂಡಿನಲ್ಲಿ ಓಲ್ಡ್ ಬಿಲ್ಲಿ ಎಂಬ ಕುದುರೆಯು 1760ರಲ್ಲಿ ಹುಟ್ಟಿ 1822ರವರೆಗೆ, ಎಂದರೆ 62 ವರ್ಷ, ಬದುಕಿತು. ಜಲಮಾರ್ಗದ ದಡದಲ್ಲಿ ನಡೆಯುತ್ತ ದೋಣಿಗಳನ್ನು ಎಳೆಯುವುದು ಅದರ ಕೆಲಸ. ಕೊನೆಯ ಕೆಲವು ವರ್ಷಗಳನ್ನು ಬಿಟ್ಟರೆ ಬಾಳೆಲ್ಲ ಅದನ್ನೇ ಮಾಡಿತು. ಅದರ ತಲೆಬುರುಡೆಯು ಮ್ಯಾಂಚೆಸ್ಟರ್ ವಸ್ತುಸಂಗ್ರಹಾಲಯದಲ್ಲಿದೆ. ಒಂದು ಕುದುರೆಯಿಂದ ನಿಯಮವನ್ನು ಕಟ್ಟಲಾಗದು. ಆದರೂ ಸಮತಟ್ಟಾದ ದಾರಿ, ನಿಧಾನವಾದ ನಡಿಗೆ, ದಿನವೂ ತಪ್ಪದ ಅಭ್ಯಾಸ, ಬೆನ್ನ ಮೇಲೆ ಸವಾರನಿಲ್ಲದಿರುವುದು, ಇವು ಕೀಲಿಗೆ ಒಪ್ಪುವ ಸಂಗತಿಗಳೇ ಆಗಿದ್ದುವು.

ಎರಡನೆಯದು ಇದಕ್ಕೆ ತೀರ ವಿರುದ್ಧವಾದುದು. ಮೊದಲನೆಯ ಮಹಾಯುದ್ಧದಲ್ಲಿ ಈಜಿಪ್ಟ್ ಮತ್ತು ಪ್ಯಾಲೆಸ್ಟೈನ್ ರಂಗದಲ್ಲಿ ಅಶ್ವದಳಗಳು ಹೋರಾಡಿದುವು. 1918ರ ಸೆಪ್ಟೆಂಬರ್ 23ರಂದು ಹೈಫಾ ಪಟ್ಟಣವನ್ನು ಹಿಡಿದವರಲ್ಲಿ ನಮ್ಮ ಮೈಸೂರು ಲ್ಯಾನ್ಸರ್ಸ್ ದಳದವರೂ ಸೇರಿದ್ದರು. ಯುದ್ಧವು ಮುಗಿದ ಮೇಲೆ ಬ್ರಿಟಿಷ್ ಸೈನ್ಯವು ಆ ರಂಗದಲ್ಲಿದ್ದ ತನ್ನ ಸಹಸ್ರಾರು ಕುದುರೆಗಳನ್ನು ಹಿಂದಕ್ಕೆ ಸಾಗಿಸದೆ ಈಜಿಪ್ಟಿನಲ್ಲಿಯೇ ಮಾರಿತು. 1930ರಲ್ಲಿ ಸೈನ್ಯಾಧಿಕಾರಿಯಾದ ಗಂಡನೊಡನೆ ಕೈರೋ ನಗರಕ್ಕೆ ಬಂದ ಡಾರೊಥಿ ಬ್ರೂಕ್ ಎಂಬಾಕೆಯು ಆ ಕುದುರೆಗಳನ್ನು ಹುಡುಕಿದಳು. ಅವು ಕಲ್ಲುಹಾಸಿದ ಬೀದಿಗಳಲ್ಲಿ, ಕಲ್ಲುಗಣಿಗಳಲ್ಲಿ ಬಂಡಿಯೆಳೆಯುತ್ತಿದ್ದುವು. ಹಲವಕ್ಕೆ ಇಪ್ಪತ್ತು ಮೀರಿತ್ತು. ಕುಂಟು, ಕುರುಡು, ಎಲುಬಿನ ಗೂಡು. 1931ರಲ್ಲಿ ಆಕೆ ಲಂಡನ್ನಿನ ಮಾರ್ನಿಂಗ್ ಪೋಸ್ಟ್ ಪತ್ರಿಕೆಗೆ ಬರೆದ ಕಾಗದದಿಂದ ಹಣವು ಬಂದು, ಕೆಲವು ವರ್ಷಗಳಲ್ಲಿ ಸುಮಾರು 5,000 ಕುದುರೆಗಳನ್ನು ಕೊಂಡಳು. ಬಹುಪಾಲು ಕುದುರೆಗಳಿಗೆ ಕೆಲವು ದಿನಗಳ ವಿಶ್ರಾಂತಿಯನ್ನೂ ಮೇವನ್ನೂ ಕೊಟ್ಟು ನೋವಿಲ್ಲದ ಮರಣವನ್ನು ಕೊಡುವುದಲ್ಲದೆ ಬೇರೆ ಚಿಕಿತ್ಸೆಯು ಸಾಧ್ಯವಾಗಲಿಲ್ಲ. ಕೊಂಡವರು ಕ್ರೂರಿಗಳೆಂದಲ್ಲ, ಅವರೂ ಕಡುಬಡವರು, ಆ ಕುದುರೆಯಿಂದಲೇ ಅವರ ಹೊಟ್ಟೆ ತುಂಬಬೇಕಾಗಿತ್ತು. ಇದನ್ನು ಆಕೆಯೂ ಬಲ್ಲವಳಾಗಿದ್ದಳು. 1934ರಲ್ಲಿ ಆಕೆ ಅಲ್ಲಿ ತೆರೆದ ಆಸ್ಪತ್ರೆಯು ಬಡವರ ದುಡಿಯುವ ಕುದುರೆ ಕತ್ತೆಗಳಿಗೆ ಹಣವಿಲ್ಲದೆ ಚಿಕಿತ್ಸೆ ಮಾಡಲು ಹೊರಟುದು ಈ ತಿಳಿವಿನಿಂದಲೇ. ಗಟ್ಟಿನೆಲ, ಭಾರ, ಆಯತಪ್ಪಿದ ಗೊರಸು, ಮೇವಿನ ಕೊರತೆ ಇವು ಕೂಡಿದಲ್ಲಿ ಚಲನೆಯೇ ಕೀಲನ್ನು ಅರೆಯುವ ಕಲ್ಲಾಗುವುದು.

ಹಾಗಾದರೆ ಅಳತೆ ಯಾವುದು? ದಿನದಲ್ಲಿ ಹೆಚ್ಚು ಹೊತ್ತು ಕುದುರೆಯು ತನ್ನಿಷ್ಟದಂತೆ ತಿರುಗಾಡುವ ಬಯಲು ದೊರೆಯುವುದಾದರೆ ಅದೇ ಉತ್ತಮ. ಮೇಯುವ ಕುದುರೆಯು ಹೆಜ್ಜೆ ಹೆಜ್ಜೆಯಾಗಿ ದಿನವಿಡೀ ನಡೆಯುತ್ತಿರುತ್ತದೆ. ಅದರ ಕೀಲು ಹುಟ್ಟಿರುವುದೇ ಆ ನಡೆಗಾಗಿ. ನೀರು, ಮೇವು, ನೆರಳುಗಳನ್ನು ಒಂದೇ ಮೂಲೆಯಲ್ಲಿಡದೆ ದೂರದೂರ ಇಟ್ಟರೆ ಹೇಳದೆಯೇ ನಡೆಯುವುದು. ಬಯಲಿಲ್ಲದ ಪಟ್ಟಣವಾಸಿಗಳು ದಿನಕ್ಕೆ ಎರಡು ಮೂರು ಬಾರಿ ಕೈಹಿಡಿದು ನಡೆಸಬೇಕು. ಸವಾರಿ ಮಾಡುವುದಾದರೆ ಮೊದಲ ಹತ್ತು ಹದಿನೈದು ನಿಮಿಷ ಬರಿಯ ನಡಿಗೆ. ಕೀಲು ಬೆಚ್ಚಗಾದ ಮೇಲೆ ದುಡುಕು. ವಾರದ ಆರು ದಿನ ಕಟ್ಟಿಹಾಕಿ ಏಳನೆಯ ದಿನ ಗಂಟೆಗಟ್ಟಲೆ ಸವಾರಿ ಮಾಡುವುದು ಎಲ್ಲಕ್ಕಿಂತ ಕೆಟ್ಟ ಪದ್ಧತಿ. ಕಿರಿದಾದ ವೃತ್ತದಲ್ಲಿ ಸುತ್ತಿಸುವುದೂ ಬೇಡ. ತಿರುವಿನಲ್ಲಿ ಕೀಲಿನ ಒಂದೇ ಪಕ್ಕದ ಮೇಲೆ ಭಾರವು ಬೀಳುತ್ತದೆ. ನೆಲವು ಕಲ್ಲಿನಂತೆ ಗಟ್ಟಿಯಾಗಿಯೂ ಇರಬಾರದು, ಕಾಲು ಹೂಳುವ ಮರಳಾಗಿಯೂ ಇರಬಾರದು. ಲಾಯದಲ್ಲಿ ನಿಂತು ಊದಿಕೊಂಡ ಕಾಲುಗಳು ಸ್ವಲ್ಪ ನಡೆದ ಕೂಡಲೇ ಇಳಿಯುವುದನ್ನು ಕುದುರೆಯಾಳುಗಳೆಲ್ಲರೂ ಕಂಡಿರುತ್ತಾರೆ. ಗೊರಸು ನೆಲವನ್ನು ಒತ್ತಿದಾಗಲೆಲ್ಲ ಕೆಳಗಿನ ರಕ್ತವು ಮೇಲಕ್ಕೆ ತಳ್ಳಲ್ಪಡುವುದೇ ಅದಕ್ಕೆ ಕಾರಣ.

ಇಲ್ಲಿ ಒಂದು ಎಚ್ಚರಿಕೆ ಅಗತ್ಯ. ಮುದಿಗುದುರೆಯ ಬಿಗಿತವೆಲ್ಲವೂ ಕೀಲಿನದಲ್ಲ. ಮಿದುಳಿನ ಬುಡದಲ್ಲಿರುವ ಪಿಟ್ಯುಟರಿ ಗ್ರಂಥಿಯ ಒಂದು ಭಾಗವು ವಯಸ್ಸಾದ ಕುದುರೆಗಳಲ್ಲಿ ಕೆಡುವುದು ಸಾಮಾನ್ಯ; ಆಗ ಮೈಕೂದಲು ಉದ್ದವಾಗಿ ಬೆಳೆದು ಬೇಸಿಗೆಯಲ್ಲಿಯೂ ಉದುರದೆ ನಿಲ್ಲುತ್ತದೆ, ಬೆನ್ನಿನ ಮಾಂಸ ಕರಗುತ್ತದೆ, ಗೊರಸಿನೊಳಗಿನ ಪದರಗಳಿಗೆ ಉರಿಯೂತ ಬರುತ್ತದೆ. ಗೊರಸು ಬಿಸಿಯಾಗಿದ್ದು, ಕುದುರೆಯು ಮುಂಗಾಲುಗಳನ್ನು ಮುಂದಕ್ಕೆ ಚಾಚಿ ಹಿಂದಕ್ಕೆ ವಾಲಿ ನಿಂತಿದ್ದರೆ, ಅದನ್ನು ನಡೆಸಲೇ ಕೂಡದು. ನಡೆಸಿದರೆ ಗೊರಸಿನೊಳಗಿನ ಎಲುಬು ತನ್ನ ಸ್ಥಾನದಿಂದ ಕದಲಬಹುದು. ಮೆತ್ತನೆಯ ಹಾಸಿನ ಮೇಲೆ ನಿಲ್ಲಿಸಿ ವೈದ್ಯನನ್ನು ಕರೆಯತಕ್ಕದ್ದು. ಮೇಲೆ ಹೇಳಿದ ಚಲನೆಯ ನಿಯಮವೆಲ್ಲವೂ ಈ ರೋಗವಿಲ್ಲವೆಂದು ಗೊತ್ತಾದ ಮೇಲಿನ ಮಾತು.

ಗೊರಸಿನ ವಿಷಯದಲ್ಲಿ ಗ್ರೀಕರ ಜೆನೊಫೋನನು ಇಂದಿಗೂ ಒಳ್ಳೆಯ ಗುರು. ಮನೆಯ ತಳಹದಿ ಸರಿಯಿಲ್ಲದಿದ್ದರೆ ಮೇಲಿನ ಕಟ್ಟಡವು ಚೆನ್ನಾಗಿದ್ದೂ ಫಲವಿಲ್ಲವೆಂಬ ನ್ಯಾಯದಿಂದ, ಕುದುರೆಯನ್ನು ಕೊಳ್ಳುವವನು ಪಾದದಿಂದ ಪರೀಕ್ಷೆಯನ್ನು ಮೊದಲುಮಾಡಬೇಕೆಂಬುದು ಅವನ ಮತ. ಗೊರಸಿನ ಮುಂಭಾಗವು ಉದ್ದವಾಗಿ ಬೆಳೆದರೆ, ಕಾಲನ್ನೆತ್ತುವಾಗ ಅದು ಸನ್ನೆಗೋಲಿನಂತೆ ವರ್ತಿಸಿ ಮೇಲಿನ ಕೀಲುಗಳನ್ನು ಮೀಟುತ್ತದೆ. ಒಂದು ಪಕ್ಕ ಎತ್ತರವಾದರೆ ಭಾರವೆಲ್ಲ ಇನ್ನೊಂದು ಪಕ್ಕಕ್ಕೆ ಬೀಳುತ್ತದೆ. ಆರರಿಂದ ಎಂಟು ವಾರಗಳಿಗೊಮ್ಮೆ ಕೊರೆದು ಸಮಮಾಡಿಸುವುದು, ದುಡಿಮೆ ಬಿಟ್ಟ ಕುದುರೆಗೂ, ತಪ್ಪಬಾರದು. ಸವಾರಿಯಿಲ್ಲವೆಂದು ಈ ಖರ್ಚನ್ನು ಉಳಿಸುವವರು ಕೀಲಿನಲ್ಲಿ ಅದನ್ನು ಕಳೆಯುತ್ತಾರೆ. ಕಾಲನ್ನು ಹೆಚ್ಚು ಎತ್ತರಕ್ಕೆತ್ತದೆ, ಹೆಚ್ಚು ಹೊತ್ತು ಹಿಡಿಯದೆ, ನಡುನಡುವೆ ಕೆಳಗಿಳಿಸಿ ಕೆಲಸ ಮಾಡುವ ತಾಳ್ಮೆಯುಳ್ಳವನನ್ನು ಹುಡುಕಬೇಕು.

ಮೇವಿನ ಮಾತು. ಮೈ ಹಗುರವಾದಷ್ಟೂ ಕೀಲಿಗೆ ಹಿತ. ಪಕ್ಕೆಲುಬುಗಳು ಕಣ್ಣಿಗೆ ಕಾಣದಿದ್ದು, ಕೈಯಾಡಿಸಿದರೆ ಸುಲಭವಾಗಿ ತಿಳಿಯುವಂತಿರಬೇಕು. ದುಡಿಯುತ್ತಿದ್ದಾಗಿನ ಹುರುಳಿಯ ಅಳತೆಯನ್ನು ದುಡಿಮೆ ನಿಂತ ಮೇಲೂ ಮುಂದುವರಿಸಿದರೆ ಬೊಜ್ಜು ಬರುವುದು. ಇನ್ನೂ ಮುದಿಯಾದ ಮೇಲೆ ತೊಂದರೆಯು ತಿರುವುಮುರುವಾಗುತ್ತದೆ: ಹಲ್ಲುಗಳು ಜೀವಮಾನವೆಲ್ಲ ಹುಟ್ಟಿ ಹುಟ್ಟಿ ಸವೆದು ಮುಗಿದಿರುವುದರಿಂದ ಒಣಹುಲ್ಲನ್ನು ಅಗಿಯಲಾರದೆ ಕುದುರೆಯು ಸೊರಗುತ್ತದೆ, ಕೀಲುಗಳನ್ನು ಹಿಡಿದು ನಿಲ್ಲಿಸುವ ಮಾಂಸವು ಇಳಿಯುತ್ತದೆ. ಆಗ ನೆನೆಹಾಕಿದ ಮೆತ್ತನೆಯ ಮೇವು, ಸಣ್ಣಗೆ ಕೊಚ್ಚಿದ ಕುದುರೆಮಸಾಲೆಯ ಸೊಪ್ಪು ಇವುಗಳಿಂದ ಸಾಕಬೇಕು. ಈ ಸೊಪ್ಪಿಗೆ ಕನ್ನಡದಲ್ಲಿ ಈ ಹೆಸರು ಬಂದಿರುವುದೇ ಕುದುರೆಯ ಸಂಬಂಧದಿಂದ. ಕೀಲಿಗೆಂದು ಮಾರುವ ಪುಡಿಗಳು, ಗ್ಲೂಕೋಸಮೀನ್ ಮೊದಲಾದುವು, ಅಂಗಡಿಗಳಲ್ಲಿ ಬೇಕಾದಷ್ಟಿವೆ. ಕುದುರೆಯ ಹೊಟ್ಟೆಯ ಮೂಲಕ ಅವುಗಳಲ್ಲಿ ಬಹಳ ಅಲ್ಪಭಾಗ ಮಾತ್ರ ರಕ್ತಕ್ಕೆ ಸೇರುತ್ತದೆ, ಗುಣವನ್ನು ಸಾಧಿಸುವ ಪರೀಕ್ಷೆಗಳೂ ದುರ್ಬಲವಾಗಿವೆ. ಆ ಹಣವನ್ನು ಗೊರಸು ಕೊರೆಸುವುದಕ್ಕೂ ಹಾಸುಹುಲ್ಲಿಗೂ ವ್ಯಯಮಾಡುವುದು ಮೇಲೆಂದು ನನ್ನ ಅಭಿಪ್ರಾಯ. ಹಾಸು ದಪ್ಪವಾಗಿದ್ದು, ಗೋಡೆಯ ಅಂಚಿನವರೆಗೂ ಹರಡಿದ್ದು, ಎದ್ದೇಳುವಾಗ ಕಾಲು ಜಾರದಂತಿದ್ದರೆ, ಮಲಗಲಂಜುವ ಕುದುರೆಗೂ ಧೈರ್ಯ ಬರುತ್ತದೆ. ಎಡೆಯೂ ವಿಶಾಲವಾಗಿರಬೇಕು, ಕುದುರೆಯು ಏಳುವಾಗ ಮುಂಗಾಲುಗಳನ್ನು ಮುಂದಕ್ಕೆ ಚಾಚಿ, ತಲೆಯನ್ನು ಬೀಸಿ, ಹಿಂಭಾಗವನ್ನು ನೂಕಿ ಏಳುವ ಪ್ರಾಣಿ.

ಔಷಧಗಳಲ್ಲಿ ನೋವನ್ನೂ ಉರಿಯೂತವನ್ನೂ ತಗ್ಗಿಸುವ ಫಿನೈಲ್‌ಬ್ಯುಟಜೋನ್ 1950ರ ದಶಕದಿಂದ ಕುದುರೆಗಳಿಗೆ ಬಳಕೆಯಲ್ಲಿದೆ. ನೋವು ತಗ್ಗಿದರೆ ಕುದುರೆ ನಡೆಯುತ್ತದೆ, ನಡೆದರೆ ಕೀಲು ಬದುಕುತ್ತದೆ. ಆದುದರಿಂದ ಅದನ್ನು ಕೇವಲ ಮರೆಸುವ ಮದ್ದೆಂದು ಹಳಿಯುವುದು ಸರಿಯಲ್ಲ. ಆದರೆ ಅಳತೆ ಮೀರಿದರೆ ಹೊಟ್ಟೆಯಲ್ಲಿಯೂ ದೊಡ್ಡಕರುಳಿನಲ್ಲಿಯೂ ಹುಣ್ಣಾಗುವುದು, ಮೂತ್ರಪಿಂಡಗಳು ಕೆಡುವುವು. ಕೀಲಿನೊಳಕ್ಕೇ ಚುಚ್ಚಿ ಹಾಕುವ ಔಷಧಗಳೂ ಇವೆ. ಅವು ವೈದ್ಯನ ಕೈಯವು. ನಮ್ಮ ದೇಶದ ಸಾಕಣೆಗಾರರು ಮರೆಯಬಾರದ ಇನ್ನೊಂದು ಸಂಗತಿಯುಂಟು. ಡೈಕ್ಲೊಫೆನಾಕ್ ಎಂಬ ನೋವುಮದ್ದನ್ನು ತಿಂದು ಸತ್ತ ಜಾನುವಾರುಗಳ ಮಾಂಸದಿಂದ ಭರತಖಂಡದ ರಣಹದ್ದುಗಳು ಮೂತ್ರಪಿಂಡ ಕೆಟ್ಟು ಸಾವಿರಗಟ್ಟಲೆ ಸತ್ತು, ಕೆಲವು ಜಾತಿಗಳು ನಾಮಾವಶೇಷವಾಗುವ ಸ್ಥಿತಿಗೆ ಬಂದುವು. 2006ರಲ್ಲಿ ಪಶುಗಳಿಗೆ ಅದನ್ನು ಕೊಡುವುದನ್ನು ಭಾರತ ಸರ್ಕಾರವು ನಿಷೇಧಿಸಿತು. 2023ರಲ್ಲಿ ಕೀಟೊಪ್ರೊಫೆನ್ ಮತ್ತು ಅಸಿಕ್ಲೊಫೆನಾಕ್‌ಗಳಿಗೂ ನಿಷೇಧ ಬಂದಿತು. ಮೆಲೊಕ್ಸಿಕಮ್ ಎಂಬುದು ಹದ್ದುಗಳಿಗೆ ಹಾನಿಯಿಲ್ಲದ ಮದ್ದೆಂದು ಗೊತ್ತಾಗಿದೆ. ರಾಮನಗರದ ರಾಮದೇವರ ಬೆಟ್ಟದಲ್ಲಿ 2012ರಿಂದ ರಣಹದ್ದುಗಳ ಧಾಮವಿರುವ ನಮ್ಮ ನಾಡಿನಲ್ಲಿ, ಮುದಿಗುದುರೆಗೆ ಯಾವ ಮದ್ದನ್ನು ಕೊಟ್ಟೆವೆಂಬುದು ಲಾಯದಲ್ಲಿಯೇ ಮುಗಿಯುವ ವಿಚಾರವಲ್ಲ.

ಇಷ್ಟೆಲ್ಲ ಮಾಡಿದ ಮೇಲೂ ಒಂದು ದಿನ ಕುದುರೆಯು ಸಹಾಯವಿಲ್ಲದೆ ಏಳಲಾರದಂತಾಗುವುದುಂಟು. ಬೇನೆಯಿಂದ ನರಳುವ ಪ್ರಾಣಿಯನ್ನು ಉಳಿಸಿಕೊಳ್ಳುವುದೇ ಕ್ರೌರ್ಯವಾಗುವ ಸಂದರ್ಭದಲ್ಲಿ ಅದಕ್ಕೆ ನೋವಿಲ್ಲದ ಮರಣವನ್ನು ಕೊಡಲು 1960ರ ಪ್ರಾಣಿಹಿಂಸಾ ನಿವಾರಣಾ ಅಧಿನಿಯಮದ 13ನೆಯ ಕಲಮು ಎಡೆಮಾಡಿಕೊಟ್ಟಿದೆ. ಕೆಲಸಕ್ಕೆ ತಕ್ಕುದಲ್ಲದ ಪ್ರಾಣಿಯನ್ನು ದುಡಿಸುವುದನ್ನು ಅದೇ ಅಧಿನಿಯಮದ 11ನೆಯ ಕಲಮು ಅಪರಾಧವೆಂದು ಎಣಿಸುತ್ತದೆ. ನಿರ್ಣಯಕ್ಕೆ ಬರುವ ಮೊದಲು ವೈದ್ಯರು ಸಾಕುವವನನ್ನು ಕೇಳುವ ಪ್ರಶ್ನೆಗಳು ಸರಳವಾದುವು: ಕುದುರೆಯು ವಾರದಲ್ಲಿ ಎಷ್ಟು ರಾತ್ರಿ ಮಲಗಿತು, ತಾನಾಗಿಯೇ ಎದ್ದಿತೇ, ಮೇವಿಗಾಗಿ ನಡೆದು ಬಂದಿತೇ, ಜೊತೆಯ ಕುದುರೆಗಳು ಮುಂದೆ ಹೋದಾಗ ಹಿಂಬಾಲಿಸಿತೇ. ಇವುಗಳಿಗೆ ನೆನಪಿನಿಂದ ಉತ್ತರ ಹೇಳುವುದು ಕಷ್ಟ. ದಿನದಿನವೂ ಬರೆದಿಟ್ಟ ಒಂದು ಸಣ್ಣ ಪುಸ್ತಕವಿದ್ದರೆ ವೈದ್ಯನಿಗೆ ಅದಕ್ಕಿಂತ ಬೇರೆ ಸಾಕ್ಷ್ಯವು ಬೇಕಾಗುವುದಿಲ್ಲ.